ಮೂರನೇ ಅಡ್ಡರಸ್ತೆ ನಿವಾಸಿಗಳ ಗುಂಪು: ಮತ್ತೆ ಅದೇ ಮೋರಿ

ರೇಖಾ (ಬೆಳಿಗ್ಗೆ 5:10): ಸಾಕಾಯಿತು. ರಾತ್ರಿ ಎರಡು ಗಂಟೆಯಿಂದ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ ಕುಳಿತಿದ್ದೇವೆ. ಮಾವನವರಿಗೆ ಉಬ್ಬಸ, ಇನ್‌ಹೇಲರ್ ಖಾಲಿ. ಮೋರಿಯಲ್ಲಿ ಅದೇ ನೊರೆ, ಅದೇ ಕೊಳೆತ ವಾಸನೆ. ಮೊದಲು ಕಾರ್ಖಾನೆಯವರು ಮಳೆ ಬಂದಾಗ ಮಾತ್ರ ಕೊಳಚೆ ನೀರನ್ನು ಕದ್ದು ಬಿಡುತ್ತಿದ್ದರು, ಈಗ ಮಳೆಯ ನೆಪವೂ ಬೇಕಾಗಿಲ್ಲ. ಯಾರಿಗೂ ಏನೂ ಅನ್ನಿಸುವುದಿಲ್ಲವೇ?

ಜಯಮ್ಮ: ನಮ್ಮ ಮನೆಯಲ್ಲೂ ಯಾರೂ ಕಣ್ಣು ಮುಚ್ಚಿಲ್ಲ ರೇಖಾ.

ಮಂಜೇಗೌಡ: ಕಾರ್ಖಾನೆಯನ್ನು ಏಕೆ ಬೈಯುತ್ತೀರಿ? ಪಾರ್ಕಿಗೆ ಕಲ್ಲುಬೆಂಚು ಹಾಕಿಸಿಕೊಂಡು, ಅವರಿಗೆ ಶಾಲು ಹೊದಿಸಿ ಫೋಟೊ ತೆಗೆಸಿಕೊಂಡವರನ್ನು ಕೇಳಿ. ಬೆಂಚಿನ ಮೇಲೆ ಕಂಪನಿಯ ಹೆಸರು ಕೆತ್ತಿಸಿದ ದಿನವೇ ನಮ್ಮ ಬಾಯಿಗೆ ಬೀಗ ಬಿತ್ತು.

ಶಿವಣ್ಣ (ಅಧ್ಯಕ್ಷರು): ಗೌಡರೇ, ದಿನವೂ ಸಂಜೆ ಆ ಬೆಂಚಿನ ಮೇಲೆ ಕುಳಿತುಕೊಳ್ಳುವವರು ಯಾರು?

ಮಂಜೇಗೌಡ: ಅದು ಬೇರೆ ಮಾತು. ಆರು ಬೆಂಚು ಎಂದಿರಿ, ನಾಲ್ಕೇ ಇವೆ. ಲೆಕ್ಕ ಕೊಡಿ.

ನಾಗರಾಜ: (ಫಾರ್ವರ್ಡ್ ಆದ ಸಂದೇಶ) ಬರಿಹೊಟ್ಟೆಯಲ್ಲಿ ಜೀರಿಗೆ ನೀರು ಕುಡಿಯಿರಿ, ಉಬ್ಬಸ ಓಡಿಸಿ! ಹತ್ತು ಜನರಿಗೆ ಕಳುಹಿಸಿ, ಪುಣ್ಯ ಬರುತ್ತದೆ.

ರೇಖಾ: ನಾಗರಾಜ್ ಅವರೇ, ದಯವಿಟ್ಟು.

ಶಿವಣ್ಣ: ಲಾಭದಲ್ಲಿ ಒಂದು ಪಾಲನ್ನು ಸಮಾಜಕ್ಕೆ ಕೊಡಬೇಕೆಂದು ಕಾನೂನೇ ಇದೆ. ನಾವು ಬೇಡವೆಂದಿದ್ದರೆ ಆ ಬೆಂಚುಗಳು ಪಕ್ಕದ ಬಡಾವಣೆಗೆ ಹೋಗುತ್ತಿದ್ದವು.

ರಾಮಸ್ವಾಮಿ: ಸ್ವಲ್ಪ ಉದ್ದವಾಗುತ್ತದೆ, ಓದಿ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಇಂತಹ ಕೆಲಸಗಳಿಗೆ ಖರ್ಚು ಮಾಡಬೇಕು. ಬೆಂಚು ಬಂದದ್ದು ಆ ಬಾಬ್ತಿನಿಂದ. ತನ್ನ ಕೊಳಚೆಯನ್ನು ತಾನು ಶುದ್ಧ ಮಾಡುವುದು ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ಅದು ವ್ಯಾಪಾರದ ಖರ್ಚು. ನೀರು ಕೆಡಿಸಬಾರದೆಂದು 1974ರಿಂದ ಬೇರೆಯೇ ಕಾಯ್ದೆ ಇದೆ. ಬೆಂಚು ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ. ಇನ್ನು ಕಂಪನಿ ಕಾಯ್ದೆಯ 166ನೇ ಕಲಂ ನಿರ್ದೇಶಕರ ಕರ್ತವ್ಯದಲ್ಲಿ ಷೇರುದಾರರ ಜೊತೆಗೆ ನೌಕರರು, ಸಮುದಾಯ, ಪರಿಸರ ರಕ್ಷಣೆಯನ್ನೂ ಹೆಸರಿಸಿದೆ.

ನಾಗರಾಜ: ಸರ್ ಬ್ಯಾಂಕಿನಿಂದ ನಿವೃತ್ತರಾಗಿದ್ದಾರೆ, ಸುತ್ತೋಲೆಯಿಂದ ಇನ್ನೂ ಆಗಿಲ್ಲ.

ಮಂಜೇಗೌಡ: ಕಲಂ ಹಿಡಿದುಕೊಂಡರೆ ವಾಸನೆ ಹೋಗುತ್ತದೆಯೇ? ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ನೋಡಿ. ಕೇಂದ್ರ ಸರ್ಕಾರದ್ದೇ ಕಂಪನಿ. ಭದ್ರೆಗೆ ಹೂಳು ಸೇರುತ್ತಿದೆ ಎಂದು ಜನ ಎಷ್ಟು ಕೂಗಿದರು! 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೂ ಗಣಿ ನಿಂತದ್ದು 2005ರ ಕೊನೆಗೆ. ನಮ್ಮ ಅಧ್ಯಕ್ಷರಂತೂ ಹಾಸನಾಂಬೆಯ ಹಾಗೆ, ವರ್ಷಕ್ಕೊಮ್ಮೆ ದರ್ಶನ.

ರಾಮಸ್ವಾಮಿ: ಅಲ್ಲಿ ಕೂಗಿದವರು ಕಾಗದ ಹಿಡಿದು ಕೋರ್ಟಿಗೆ ಹೋಗಿದ್ದರು ಗೌಡರೇ.

ಸುಮಾ: ನಾನು ಬೆಂಗಳೂರಿನಲ್ಲಿ ಇನ್ನೊಂದು ಕಂಪನಿಯ ಕಾರ್ಯದರ್ಶಿ, ಅದಕ್ಕೆ ಹೇಳುತ್ತಿದ್ದೇನೆ. ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಮೊದಲ 1,000 ಕಂಪನಿಗಳು 2022-23ರಿಂದ ಪರಿಸರ, ನೌಕರರು, ನೆರೆಹೊರೆ ಎಲ್ಲದರ ಬಗ್ಗೆ ವರದಿ ಕೊಡಲೇಬೇಕೆಂದು ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ ನಿಯಮ ಮಾಡಿದೆ. ಇವರ ವರದಿ ತೆಗೆದು ನೋಡಿದೆ. ತ್ಯಾಜ್ಯನೀರನ್ನು ಒಂದು ಹನಿಯೂ ಹೊರಗೆ ಬಿಡದ ವ್ಯವಸ್ಥೆ ಇದೆಯೇ? ಇದೆಯಂತೆ. ಸಮುದಾಯದಿಂದ ಬಂದ ದೂರುಗಳು? ಸೊನ್ನೆ. ನಾವು ಯಾರಾದರೂ ಬರೆದು ಕೊಟ್ಟಿದ್ದೇವೆಯೇ?

ಜಯಮ್ಮ: ಎರಡು ವರ್ಷದಿಂದ ಗುಂಪಿನಲ್ಲಿ ಹಾಕುತ್ತಲೇ ಇದ್ದೇವಲ್ಲ?

ಸುಮಾ: ಈ ಗುಂಪಿನಲ್ಲಿ ಕಂಪನಿಯವರು ಇಲ್ಲ ಆಂಟಿ.

ನಾಗರಾಜ: ಸೊನ್ನೆಯನ್ನು ಜಗತ್ತಿಗೆ ಕೊಟ್ಟವರೇ ನಾವು.

ಸುಮಾ: ಕವಾಟ ತೆರೆಯುವವನು ರಾತ್ರಿ ಪಾಳಿಯ ಹುಡುಗ, ಅವನನ್ನು ಬೈದು ಫಲವಿಲ್ಲ. ಶುದ್ಧೀಕರಣ ಘಟಕದ ಕರೆಂಟ್ ಬಿಲ್ ಉಳಿಸಿದ ವ್ಯವಸ್ಥಾಪಕನಿಗೆ ಶಹಬ್ಬಾಸ್ ಸಿಗುತ್ತಿದ್ದರೆ ಮೋರಿಗೆ ಬಿಡುವುದು ನಿಲ್ಲುವುದಿಲ್ಲ. ಅದನ್ನು ನಿಲ್ಲಿಸಬೇಕಾದವರು ನಿರ್ದೇಶಕರ ಮಂಡಳಿಯವರು. ದಿನಾಂಕ, ಹೊತ್ತು, ಫೋಟೊ ಸಮೇತ ಅವರಿಗೇ ಪತ್ರ ಹೋಗಲಿ, ಪ್ರತಿ ಸಂಬಂಧಪಟ್ಟ ಇಲಾಖೆಗೆ. ರಾಮಸ್ವಾಮಿ ಅಂಕಲ್ ಬಳಿ ಅವರ ಷೇರು ಇದೆ, ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಕೇಳಬಹುದು. ಸಹಿ ಹಾಕುವವರು ಮನೆ ಸಂಖ್ಯೆ ಬರೆಯಿರಿ. 22.

ರೇಖಾ: 14.

ರಾಮಸ್ವಾಮಿ: 9.

ಲೋಕೇಶ: ಈ ಸಂದೇಶವನ್ನು ಅಳಿಸಲಾಗಿದೆ.

ಜಯಮ್ಮ: ಓದಿದೆ ಲೋಕೇಶ. ಮಗನ ಗುತ್ತಿಗೆ ಕೆಲಸ ಅಲ್ಲೇ ಎಂದರೆ ಯಾರೂ ನಿನ್ನನ್ನು ಒತ್ತಾಯಿಸುವುದಿಲ್ಲ.

ಮಂಜೇಗೌಡ: ಬೆಂಚಿನ ಲೆಕ್ಕ ಬರುವ ತನಕ ನಾನು ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ಉಳಿದವರೂ ಯೋಚಿಸಿ.

ಶಿವಣ್ಣ: ಎರಡು ಬೆಂಚು ದೇವಸ್ಥಾನದ ಮುಂದೆ ಇವೆ. ನಿಮ್ಮ ಕಣ್ಣೆದುರಿಗೇ ಇಳಿಸಿದ್ದು.

ಮಂಜೇಗೌಡ: ನಿರ್ಣಯ ಎಲ್ಲಿದೆ? ನಡಾವಳಿ ಪುಸ್ತಕ ತೋರಿಸಿ.

ಸುಮಾ (ಮಧ್ಯಾಹ್ನ 1:30): ಈವರೆಗೆ ಮೂರೇ ಮನೆ.

ಜಯಮ್ಮ (ಸಂಜೆ 5:45): ನಲ್ಲಿ ಬಂತೇ ಯಾರಿಗಾದರೂ? ಗೊರೂರು ಅಣೆಕಟ್ಟೆ ತುಂಬಿದೆ ಎಂದು ಪತ್ರಿಕೆಯಲ್ಲಿದೆ, ನಮ್ಮ ನಲ್ಲಿಯಲ್ಲಿ ಬರೀ ಗಾಳಿ.

ಲೋಕೇಶ: ನಮ್ಮಲ್ಲೂ ಇಲ್ಲ. ಪೈಪ್ ಒಡೆದಿದೆಯಂತೆ.

ಮಂಜೇಗೌಡ: ಯಾರೂ ಗಾಬರಿಯಾಗಬೇಡಿ. ಕಾರ್ಖಾನೆಯಲ್ಲಿ ಪರಿಚಯದವರಿದ್ದಾರೆ, ಮಾತನಾಡಿದ್ದೇನೆ. ಎರಡು ಟ್ಯಾಂಕರ್ ಉಚಿತವಾಗಿ ಕಳುಹಿಸುತ್ತಾರೆ. ಬೇಕಾದವರು ಮನೆ ಸಂಖ್ಯೆ ಹಾಕಿ.

ಜಯಮ್ಮ: 17.

ನಾಗರಾಜ: 3.

ಲೋಕೇಶ: 20. ಮೇಲಿನ ಬಾಡಿಗೆಯವರಿಗೂ ಸೇರಿಸಿ.

ಶಿವಣ್ಣ: 11.

ರೇಖಾ: 14. ಮಾವನವರ ಸ್ನಾನಕ್ಕೂ ನೀರಿಲ್ಲ.

ಸುಮಾ: ಇವೇ ಸಂಖ್ಯೆಗಳನ್ನು ಪತ್ರಕ್ಕೂ ಹಾಕಿಕೊಳ್ಳಲೇ?

ಮಂಜೇಗೌಡ: ಈಗ ಟ್ಯಾಂಕರ್ ವಿಷಯ ಮಾತ್ರ. ಚಾಲಕ ತಿರುವಿನಲ್ಲಿ ಸಿಕ್ಕಿಕೊಂಡಿದ್ದಾನೆ. ಅಡ್ಡ ನಿಲ್ಲಿಸಿರುವ ಬಿಳಿ ಕಾರು ಯಾರದು?