ಕೇಳಿದ ಗುರುತು ಸಿಗಲಿಲ್ಲ: ಈ ಸಂಬಂಧ ದೇವರ ಚಿತ್ತವಲ್ಲವೆಂದು ತಿಳಿಯಬೇಕೇ?

ಪ್ರಶ್ನೆ

ಕರ್ತನಲ್ಲಿ ಎಲ್ಲರಿಗೂ ವಂದನೆಗಳು. ನನಗೆ 29 ವರ್ಷ. ಮೂರು ತಿಂಗಳ ಹಿಂದೆ ಸಭೆಯ ಹಿರಿಯರೊಬ್ಬರ ಮೂಲಕ ಒಂದು ಸಂಬಂಧ ಬಂದಿತು. ಅವರು ವಿಶ್ವಾಸಿ, ಎರಡೂ ಮನೆಯವರಿಗೆ ಒಪ್ಪಿಗೆಯಿದೆ, ನಾಲ್ಕು ಬಾರಿ ಭೇಟಿಯಾಗಿ ಮಾತನಾಡಿದಾಗಲೂ ನನಗೆ ಅಳುಕಾಗುವಂಥದ್ದೇನೂ ಕಾಣಲಿಲ್ಲ. ಆದರೂ ಇದು ನನ್ನ ಇಷ್ಟವೋ ದೇವರ ಚಿತ್ತವೋ ಎಂಬುದು ತಿಳಿಯದೆ, ಯಜಮಾನನ ಮಗನಿಗೆ ಹೆಣ್ಣು ಹುಡುಕಲು ಹೋದ ಅಬ್ರಹಾಮನ ಸೇವಕನು ಬಾವಿಯ ಬಳಿ ಕೇಳಿದಂತೆ ನಾನೂ ಒಂದು ಗುರುತನ್ನು ಕೇಳಿದೆ: ಶನಿವಾರ ಸಂಜೆಯೊಳಗೆ ಅವರು ತಾವಾಗಿಯೇ ಫೋನ್ ಮಾಡಿದರೆ ಇದು ದೇವರಿಂದ ಬಂದದ್ದೆಂದು ಒಪ್ಪಿಕೊಳ್ಳುತ್ತೇನೆ ಎಂದು ಪ್ರಾರ್ಥಿಸಿದೆ. ಅಂದು ರಾತ್ರಿ ಹನ್ನೊಂದರವರೆಗೂ ಫೋನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಕರೆ ಬಂದದ್ದು ಭಾನುವಾರ ಬೆಳಿಗ್ಗೆ, ಆರಾಧನೆಗೆ ಹೊರಡುವ ಹೊತ್ತಿಗೆ. ನಾನು ಅದನ್ನು ಎತ್ತಲೇ ಇಲ್ಲ. ಇದನ್ನು ದೇವರು ಬೇಡವೆಂದ ಹಾಗೆ ತಿಳಿಯಬೇಕೇ?

ಉತ್ತರ 1

ಸಹೋದರಿ, ನೀವು ನೆನೆದ ಆದಿಕಾಂಡ 24ನೆಯ ಅಧ್ಯಾಯವನ್ನೇ ಇನ್ನೊಮ್ಮೆ ನಿಧಾನವಾಗಿ ಓದಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಆ ಸೇವಕನು ಕೇಳಿದ್ದು ಗಡಿಯಾರಕ್ಕೆ ಕಟ್ಟಿದ ಗುರುತನ್ನಲ್ಲ. ಕುಡಿಯಲು ನೀರು ಕೇಳಿದ ಅಪರಿಚಿತನಿಗೆ ನೀರು ಕೊಟ್ಟು, ಅವನು ಕೇಳದಿದ್ದರೂ ಒಂಟೆಗಳಿಗೂ ತಂದು ಹೊಯ್ಯುವ ಹುಡುಗಿಯನ್ನು ತೋರಿಸು ಎಂದು ಅವನು ಬೇಡಿಕೊಂಡನು. ಅವನ ಜೊತೆ ಹತ್ತು ಒಂಟೆಗಳಿದ್ದವು. ಬಾಯಾರಿದ ಒಂದು ಒಂಟೆ ಸುಮಾರು 100 ಲೀಟರಿನಷ್ಟು ನೀರನ್ನು ಕುಡಿಯಬಲ್ಲದು. ಹಾಗಿದ್ದರೆ ಸಂಜೆಯ ಹೊತ್ತಿನಲ್ಲಿ, ಯಾರೋ ದಾರಿಹೋಕನಿಗಾಗಿ, ಹಾಗೆ ನೀರು ತಂದುಕೊಟ್ಟ ಹುಡುಗಿ ರೆಬೆಕ್ಕಳು ಕೊಡವನ್ನು ಹೊತ್ತು ಎಷ್ಟು ಸಲ ಬಾವಿಗೆ ಓಡಿರಬೇಕು ಎಂದು ಲೆಕ್ಕ ಹಾಕಿ. ಅವನು ಬೇಡಿದ ಗುರುತೇ ಅವಳ ಸ್ವಭಾವದ ಪರೀಕ್ಷೆಯಾಗಿತ್ತು.

ಇನ್ನೂ ಒಂದು ಮಾತಿದೆ, ಇದನ್ನು ಬೋಧಿಸುವವರು ಕಡಿಮೆ. ಗುರುತು ಕಣ್ಣೆದುರಿಗೇ ನಡೆಯುತ್ತಿದ್ದಾಗಲೂ ಅವನು ತಕ್ಷಣ ತೀರ್ಮಾನಕ್ಕೆ ಬರಲಿಲ್ಲ. ತನ್ನ ಪ್ರಯಾಣವನ್ನು ಕರ್ತನು ಸಫಲಗೊಳಿಸಿದನೋ ಇಲ್ಲವೋ ಎಂದು ತಿಳಿಯಲು ಸುಮ್ಮನೆ ಅವಳನ್ನೇ ಗಮನಿಸುತ್ತಿದ್ದನೆಂದು 21ನೆಯ ವಚನ ಹೇಳುತ್ತದೆ. ಆಮೇಲೆ ಅವಳು ಯಾರ ಮಗಳೆಂದು ವಿಚಾರಿಸಿದನು, ಮನೆಯವರ ಮುಂದೆ ಎಲ್ಲವನ್ನೂ ತೆರೆದಿಟ್ಟನು. ಕೊನೆಗೆ ಹೊರಡುವ ಮುನ್ನ ಮನೆಯವರು ರೆಬೆಕ್ಕಳನ್ನೇ ಕರೆದು, ಈ ಮನುಷ್ಯನೊಂದಿಗೆ ಹೋಗುತ್ತೀಯಾ ಎಂದು ಕೇಳಿದರು; ಹೋಗುತ್ತೇನೆ ಎಂದು ಹೇಳಿದವಳು ಅವಳೇ. ಸ್ತ್ರೀಯು ಬರಲೊಪ್ಪದಿದ್ದರೆ ನಿನ್ನ ಪ್ರಮಾಣದಿಂದ ನೀನು ಬಿಡುಗಡೆಯಾಗುವೆ ಎಂದು ಅಬ್ರಹಾಮನು 8ನೆಯ ವಚನದಲ್ಲಿ ಮೊದಲೇ ಹೇಳಿದ್ದನು. ದೇವರ ನಡೆಸುವಿಕೆಯನ್ನು ಅಷ್ಟೊಂದು ನಂಬಿದವನೂ ಹುಡುಗಿಯ ಮನಸ್ಸಿಗೆ ಜಾಗವಿಟ್ಟಿದ್ದನು.

ನೀವು ಕೇಳಿದ ಗುರುತು ಅವರ ಬಗ್ಗೆ ನಿಮಗೆ ಏನನ್ನೂ ತಿಳಿಸುವಂಥದ್ದಾಗಿರಲಿಲ್ಲ. ಶನಿವಾರವೇ ಕರೆ ಬಂದಿದ್ದರೂ ಅವರ ಕೋಪ ಎಂಥದ್ದು, ತಪ್ಪಾದಾಗ ಕ್ಷಮೆ ಕೇಳುತ್ತಾರೋ ಇಲ್ಲವೋ ಎಂಬುದು ನಿಮಗೆ ತಿಳಿಯುತ್ತಿರಲಿಲ್ಲ.

ಉತ್ತರ 2

ಮೇಲಿನ ಮಾತಿಗೆ ಬಹುಮಟ್ಟಿಗೆ ನನ್ನ ಸಮ್ಮತಿಯಿದೆ, ಆದರೆ ಗುರುತು ಕೇಳುವುದೇ ಅವಿಶ್ವಾಸವೆಂಬಂತೆ ಯಾರೂ ಭಾವಿಸಬಾರದು. ಇಸ್ರಾಯೇಲ್ಯರ ನಾಯಕನಾದ ಗಿದ್ಯೋನನು ಕಣದಲ್ಲಿ ಕುರಿಯ ಉಣ್ಣೆಯ ತುಪ್ಪಟವನ್ನಿಟ್ಟು ಎರಡು ಸಲ ಗುರುತು ಕೇಳಿದಾಗ ದೇವರು ಎರಡು ಸಲವೂ ತಾಳ್ಮೆಯಿಂದ ಉತ್ತರಿಸಿದನು. ನಮ್ಮ ಬಲಹೀನತೆಯನ್ನು ಆತನು ಬಲ್ಲನು.

ಉತ್ತರ 3

ಸಹೋದರರೇ, ನ್ಯಾಯಸ್ಥಾಪಕರು 6ನೆಯ ಅಧ್ಯಾಯದಲ್ಲಿ ಗಿದ್ಯೋನನಿಗೆ ದೇವರು ಮಾಡಬೇಕಾದದ್ದನ್ನು ಮೊದಲೇ ಸ್ಪಷ್ಟವಾಗಿ ಹೇಳಿಯಾಗಿತ್ತು. ಎರಡನೆಯ ಸಲ ಕೇಳುವಾಗ, ನನ್ನ ಮೇಲೆ ಕೋಪಗೊಳ್ಳಬೇಡ ಎಂದು ಅವನೇ ಅಂಜಿ ಬೇಡಿಕೊಳ್ಳುತ್ತಾನೆ. ದೇವರು ತಾಳಿಕೊಂಡದ್ದು ನಿಜ. ತಾಳಿಕೊಂಡದ್ದೆಲ್ಲ ನಮಗೆ ಮಾದರಿಯಾಗಲಾರದು.

ನನ್ನ ಅನುಭವವನ್ನೂ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಒಬ್ಬರ ವಿಷಯದಲ್ಲಿ, ದೇವರು ನನಗೆ ತೋರಿಸಿದ್ದಾನೆ ಎಂದು ನಾನು ಅವರ ಮುಂದೆಯೇ ಹೇಳಿಬಿಟ್ಟೆ. ಪಾಪ, ಆಕೆ ಏನೆಂದಾರು? ಇಲ್ಲವೆಂದರೆ ದೇವರನ್ನೇ ಎದುರಿಸಿದಂತೆ ಆಗುತ್ತಿತ್ತು. ಎರಡು ವಾರ ಆಕೆ ಸಭೆಗೇ ಬರಲಿಲ್ಲ. ಆಮೇಲೆ ಸಭಾಪಾಲಕರು ನನ್ನನ್ನು ಕೂರಿಸಿಕೊಂಡು, ದೇವರು ತೋರಿಸುವುದಾದರೆ ಆಕೆಗೂ ತೋರಿಸಬಲ್ಲನಲ್ಲವೇ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಆಸೆಗೆ ಆತನ ಹೆಸರನ್ನು ಹಚ್ಚಿದ್ದೆ, ಅಷ್ಟೇ.

ಇಷ್ಟವೋ ಚಿತ್ತವೋ ಎಂದು ಅವೆರಡನ್ನು ಎದುರುಬದುರಾಗಿ ನಿಲ್ಲಿಸುವ ಅಗತ್ಯವೂ ನನಗೆ ಕಾಣುವುದಿಲ್ಲ. 1 ಕೊರಿಂಥದವರಿಗೆ 7:39ರಲ್ಲಿ ಪೌಲನು ವಿಧವೆಯ ಕುರಿತು ಬರೆಯುವಾಗ, ಆಕೆ ತನಗೆ ಇಷ್ಟವಾದವನನ್ನು ಮದುವೆಯಾಗಬಹುದು, ಆದರೆ ಕರ್ತನಲ್ಲಿ ಮಾತ್ರವೇ, ಅಂದರೆ ವಿಶ್ವಾಸಿಯನ್ನೇ ಆಗಬೇಕು ಎನ್ನುತ್ತಾನೆ. ಬೇಲಿಯನ್ನು ಹಾಕಿದವನು ದೇವರು. ಬೇಲಿಯೊಳಗೆ ಇಷ್ಟಪಡುವ ಸ್ವಾತಂತ್ರ್ಯವನ್ನು ಕೊಟ್ಟವನೂ ಆತನೇ. ಜ್ಞಾನದ ಕೊರತೆಯಿದ್ದವರು ದೇವರನ್ನು ಕೇಳಿಕೊಳ್ಳಲಿ ಎಂದು ಯಾಕೋಬನ ಪತ್ರಿಕೆಯೂ ಹೇಳುತ್ತದೆ. ಅಲ್ಲಿ ಕೊಡುತ್ತೇನೆಂದಿರುವುದು ಜ್ಞಾನವನ್ನು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಬರೆದದ್ದನ್ನು ನಾನೇ ಮತ್ತೆ ಓದಿದಾಗ ಒಂದು ವಿಷಯ ಹೊಳೆಯಿತು: ಗುರುತು ಸಿಕ್ಕಿದ್ದರೆ ನಿರ್ಧಾರದ ಹೊಣೆ ನನ್ನ ಮೇಲೆ ಇರುತ್ತಿರಲಿಲ್ಲ, ನಾಳೆ ಏನಾದರೂ ಕೆಟ್ಟರೆ ನಾನು ಆರಿಸಿದ್ದಲ್ಲ ಎಂದುಬಿಡಬಹುದಿತ್ತು. ನಿನ್ನೆ ಸಂಜೆ ನಾನೇ ಅವರಿಗೆ ಕರೆ ಮಾಡಿ, ಭಾನುವಾರ ಏಕೆ ಎತ್ತಲಿಲ್ಲವೆಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೂ ಪ್ರಾರ್ಥಿಸುತ್ತಲೇ ಇದ್ದೇವೆಂದೂ ಕೇಳುವ ಧೈರ್ಯ ಬರುವುದಕ್ಕೆ ಭಾನುವಾರ ಬೆಳಗಾಯಿತೆಂದೂ ಹೇಳಿದರು. ಮುಂದಿನ ವಾರ ಸಭಾಪಾಲಕರ ಮನೆಯಲ್ಲಿ ಇಬ್ಬರೂ ಕುಳಿತು ಮಾತನಾಡುವವರಿದ್ದೇವೆ. ಕೋಪದ ಬಗ್ಗೆ ಕೇಳಬೇಕಾದದ್ದನ್ನು ಬರೆದಿಟ್ಟುಕೊಂಡಿದ್ದೇನೆ.