ಲೈಬ್ರರಿ ಕಡಿಮೆ ಮಾಡಿದ ಮೇಲೆ ಫೈರ್‌ವಾಲ್ ನಿಯಮ ಹಾಕುವ ಐಪಿಟೇಬಲ್ಸ್ ಮಾತು ಕೇಳುತ್ತಿಲ್ಲ, ಎಲ್ಲಿ ತಪ್ಪಿದೆ?

ಪ್ರಶ್ನೆ:
ನಮಸ್ಕಾರ. ನನ್ನ ಹತ್ತಿರ ಒಂದು ಹಳೆಯ ಎಕ್ಸ್86 ಬೋರ್ಡ್ ಇದೆ. ಎರಡು ನೆಟ್‌ವರ್ಕ್ ಪೋರ್ಟ್, 64 ಎಂಬಿ ರ‍್ಯಾಮ್, ಡಿಸ್ಕ್ ಬದಲು 16 ಎಂಬಿ ಫ್ಲ್ಯಾಶ್ ಕಾರ್ಡ್. ಇದನ್ನು ಮನೆಯ ಫೈರ್‌ವಾಲ್ ಮಾಡಬೇಕು ಅಂತ ಹಠ ಹಿಡಿದು ಕೂತಿದ್ದೇನೆ. ಲಿನಕ್ಸ್ ಕರ್ನಲ್ ನಾನೇ ಕಂಪೈಲ್ ಮಾಡಿದೆ, ಉಳಿದ ಪ್ರೋಗ್ರಾಂಗಳನ್ನು ಡೆಬಿಯನ್ ಲಿನಕ್ಸ್‌ನಿಂದ ಎತ್ತಿಕೊಂಡೆ. ಪ್ರೋಗ್ರಾಂಗೆ ಯಾವ ಲೈಬ್ರರಿ ಬೇಕು ಅಂತ ಹೇಳುವ ಎಲ್‌ಡಿಡಿ ತೋರಿಸಿದ್ದನ್ನಷ್ಟೇ ಇಟ್ಟುಕೊಂಡೆ, ಆಮೇಲೆ ಕಂಡ ಕಂಡ ಫೈಲಿಗೆಲ್ಲ ಸ್ಟ್ರಿಪ್ (ಫೈಲಿನಿಂದ ಸಿಂಬಲ್, ಡಿಬಗ್ ಮಾಹಿತಿ ತೆಗೆಯುವ ಪ್ರೋಗ್ರಾಂ) ಓಡಿಸಿದೆ. ಜಾಗವೇನೋ ಉಳಿಯಿತು. ಆದರೆ ಈಗ ಕಾನ್‌ಟ್ರ್ಯಾಕ್ (ಸಂಪರ್ಕದ ಸ್ಥಿತಿ ನೋಡುವ) ನಿಯಮ ಕೊಟ್ಟರೆ ಐಪಿಟೇಬಲ್ಸ್ ಆ ಮ್ಯಾಚ್, ಅಂದರೆ ಷರತ್ತು ಪರೀಕ್ಷಿಸುವ ಭಾಗ, ಲೋಡ್ ಆಗಲಿಲ್ಲ ಅನ್ನುತ್ತದೆ, ನೆಟ್‌ವರ್ಕ್ ಕಾರ್ಡಿನ ಮಾಡ್ಯೂಲ್ ಕೂಡ ಏಳುತ್ತಿಲ್ಲ. ಎರಡು ರಾತ್ರಿ ಹೋಯಿತು, ಯಾರಾದರೂ ದಾರಿ ತೋರಿಸಿ.

ಉತ್ತರ 1:
ಎರಡೂ ಬೇರೆ ಬೇರೆ ತೊಂದರೆ. ಮೊದಲನೆಯದಕ್ಕೆ ಎಲ್‌ಡಿಡಿಯನ್ನು ನಂಬಿದ್ದೇ ಕಾರಣ. ಪ್ರೋಗ್ರಾಂ ಶುರುವಾಗುವಾಗ ಬೇಕಾದ ಲೈಬ್ರರಿಗಳು ಮಾತ್ರ ಅದರಲ್ಲಿ ಕಾಣುತ್ತವೆ. ಐಪಿಟೇಬಲ್ಸ್ ತನ್ನ ಮ್ಯಾಚ್, ಟಾರ್ಗೆಟ್‌ಗಳನ್ನು ಓಡುವಾಗ ಡಿಎಲ್‌ಓಪನ್ (ಓಡುತ್ತಿರುವಾಗಲೇ ಲೈಬ್ರರಿ ತೆರೆಯುವ ಫಂಕ್ಷನ್) ಮೂಲಕ ಎಕ್ಸ್‌ಟೇಬಲ್ಸ್ ಫೋಲ್ಡರಿನಿಂದ ಎಳೆದುಕೊಳ್ಳುತ್ತದೆ, ಅದು ಎಲ್‌ಡಿಡಿಗೆ ಗೊತ್ತೇ ಆಗುವುದಿಲ್ಲ. ಪ್ರೋಗ್ರಾಂ ಕರ್ನಲ್‌ಗೆ ಕೇಳುವುದನ್ನೆಲ್ಲ ತೋರಿಸುವ ಎಸ್‌ಟ್ರೇಸ್ ಹಾಕಿ ನಿಮ್ಮ ಇಡೀ ನಿಯಮಪಟ್ಟಿಯನ್ನು ಒಮ್ಮೆ ಓಡಿಸಿ, ಯಾವ ಫೈಲ್ ತೆರೆಯಲು ಹೋಗುತ್ತದೆ ನೋಡಿ, ಅಷ್ಟನ್ನೇ ಇಟ್ಟರೆ ಸಾಕು. ಎರಡನೆಯದು, ಕರ್ನಲ್ ಮಾಡ್ಯೂಲಿನ ಸಿಂಬಲ್‌ಗಳನ್ನು (ಫಂಕ್ಷನ್ ಹೆಸರುಗಳ ಪಟ್ಟಿಯನ್ನು) ಪೂರ್ತಿ ತೆಗೆದರೆ ಅದು ಲೋಡ್ ಆಗುವುದೇ ಇಲ್ಲ. ಅಲ್ಲಿ ಡಿಬಗ್ ಮಾಹಿತಿಯನ್ನು ಮಾತ್ರ ತೆಗೆಯಬೇಕು.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಆದರೆ ನನ್ನ ಮಾತು ಕೇಳಿ, ಡೆಬಿಯನ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯನ್ನು ಕೆರೆಯುತ್ತಾ ಕೂರಬೇಡಿ, ಅದನ್ನೇ ಬದಲಿಸಿ. ಅದರ ಮುಖ್ಯ ಫೈಲ್ ಒಂದೇ ಸುಮಾರು 2 ಎಂಬಿ. ಅದರ ಜಾಗಕ್ಕೆ ಹಾಕಬಹುದಾದ ಚಿಕ್ಕ ಸಿ ಲೈಬ್ರರಿ ಮಸಲ್ ಸುಮಾರು 600 ಕೆಬಿ, ಅದರಲ್ಲೇ ಥ್ರೆಡ್, ಗಣಿತ, ಡೈನಾಮಿಕ್ ಲೋಡರ್ ಎಲ್ಲ ಸೇರಿರುತ್ತದೆ. ಹಿಂದೆ ಲಿನಕ್ಸ್ ರೌಟರ್ ಪ್ರಾಜೆಕ್ಟ್ ಒಂದು 1.44 ಎಂಬಿ ಫ್ಲಾಪಿಯಲ್ಲೇ ಕೆಲಸ ಮುಗಿಸುತ್ತಿತ್ತು. ಅದರಿಂದ ಹುಟ್ಟಿದ ಲೀಫ್ ಯೋಜನೆಯ ಬೇರಿಂಗ್ ಕೂಡ ಕೊನೆಗೆ ಯುಸಿಲಿಬ್‌ಸಿ ಎಂಬ ಇನ್ನೊಂದು ಚಿಕ್ಕ ಸಿ ಲೈಬ್ರರಿಗೆ ಬಂತು, ರೌಟರ್‌ಗಳ ಲಿನಕ್ಸ್ ಆದ ಓಪನ್‌ಡಬ್ಲ್ಯೂಆರ್‌ಟಿ ಈಗ ಮಸಲ್‌ನಲ್ಲಿದೆ. ಜಾಗಕ್ಕಾಗಿ ಒದ್ದಾಡಿದವರೆಲ್ಲ ಹಿಡಿದ ದಾರಿ ಇದೇ ಅಲ್ವಾ? ಡೆಬಿಯನ್‌ನ ಎಂಕೆಲಿಬ್ಸ್ ಕೂಡ ಒಂದು ಉಪಾಯ, ಯಾರೂ ಕರೆಯದ ಫಂಕ್ಷನ್‌ಗಳನ್ನು ಬಿಟ್ಟು ಲೈಬ್ರರಿಯನ್ನು ಮತ್ತೆ ಕಟ್ಟುತ್ತದೆ. ಆದರೆ ನಾಳೆ ಹೊಸ ಪ್ರೋಗ್ರಾಂ ಹಾಕಿದರೆ ಅದಕ್ಕೆ ಬೇಕಾದ ಫಂಕ್ಷನ್ ಅಲ್ಲಿ ಇರದೇ ಹೋಗಬಹುದು.

ಪ್ರಶ್ನೆ ಕೇಳಿದವರು:
ಮಾಡ್ಯೂಲ್ ಎದ್ದಿತು! ಎಸ್‌ಟ್ರೇಸ್‌ನಲ್ಲಿ ಕಾನ್‌ಟ್ರ್ಯಾಕ್ ಫೈಲಿನ ಹೆಸರೂ ಸಿಕ್ಕಿತು, ಹಾಕಿದ ತಕ್ಷಣ ನಿಯಮ ಕೂತಿತು. ತುಂಬಾ ಧನ್ಯವಾದ. ಮಸಲ್‌ಗೆ ಹೋದರೆ ಡೆಬಿಯನ್ ಬೈನರಿಗಳನ್ನು ಹಾಗೇ ಬಳಸಬಹುದೇ?

ಉತ್ತರ 2:
ಇಲ್ಲ, ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಬೇಕು. ಇಡೀ ಚಿಕ್ಕ ಲಿನಕ್ಸ್ ಕಟ್ಟಿಕೊಡುವ ಬಿಲ್ಡ್‌ರೂಟ್ ತಗೊಳ್ಳಿ, ಟೂಲ್‌ಚೈನ್‌ನಲ್ಲಿ (ಕಂಪೈಲರ್ ಮತ್ತು ಸಿ ಲೈಬ್ರರಿಯ ಜೋಡಿ) ಮಸಲ್ ಆರಿಸಿ, ಸಾಮಾನ್ಯ ಕಮಾಂಡ್‌ಗಳನ್ನೆಲ್ಲ ಒಂದೇ ಫೈಲಿನಲ್ಲಿ ಕೊಡುವ ಬಿಸಿಬಾಕ್ಸ್ ಜೊತೆಗೆ ಬರುತ್ತದೆ. ಐಪಿಟೇಬಲ್ಸ್ ಅನ್ನು ಸ್ಟ್ಯಾಟಿಕ್ ಆಗಿ ಕಟ್ಟಿದರೆ ಆ ಮ್ಯಾಚ್, ಟಾರ್ಗೆಟ್ ಎಕ್ಸ್‌ಟೆನ್ಷನ್‌ಗಳು ಪ್ರೋಗ್ರಾಂ ಒಳಗೇ ಸೇರಿಕೊಳ್ಳುತ್ತವೆ, ಆಗ ಡಿಎಲ್‌ಓಪನ್ ತಲೆನೋವೇ ಇಲ್ಲ.

ಉತ್ತರ 3:
ಒಂದು ವಿಷಯ ಸೇರಿಸುತ್ತೇನೆ. ಡಿಎನ್‌ಎಸ್ ಉತ್ತರ ದೊಡ್ಡದಾದಾಗ ಟಿಸಿಪಿಯಲ್ಲಿ ಮತ್ತೆ ಕೇಳುವ ಗುಣ ಮಸಲ್‌ಗೆ ಬಂದದ್ದು 2023ರ 1.2.4ರಲ್ಲಿ, ಅದಕ್ಕಿಂತ ಹಳೆಯದು ಬೇಡ. ಮತ್ತೆ, ಫೈಲ್ ಸೈಜ್ ನೋಡಿ ಸುಮ್ನೆ ಲೆಕ್ಕ ಹಾಕಬೇಡಿ. ಸ್ಕ್ವಾಶ್‌ಎಫ್‌ಎಸ್‌ನಲ್ಲಿ (ಕುಗ್ಗಿಸಿದ, ಓದಲು ಮಾತ್ರ ಆಗುವ ಫೈಲ್‌ಸಿಸ್ಟಂ) ಎಕ್ಸ್‌ಝಡ್ ಸಂಕೋಚನ ಹಾಕಿ ಇಮೇಜ್ ಕಟ್ಟಿದ ಮೇಲೆ ಎಷ್ಟು ಉಳಿಯಿತು ಅನ್ನುವುದೇ ಲೆಕ್ಕ. ನಾನು ಒಮ್ಮೆ ದಿನವಿಡೀ ಕತ್ತರಿಸಿದ್ದೆ, ಇಮೇಜಿನಲ್ಲಿ ಹೆಚ್ಚು ವ್ಯತ್ಯಾಸವೇ ಕಾಣಲಿಲ್ಲ. ಕರ್ನಲ್‌ನಲ್ಲಿ ಬೇಡದ ಡ್ರೈವರ್‌ಗಳನ್ನು ತೆಗೆದ ಮೇಲೆಯೇ ನಿಜವಾಗಿ ಜಾಗ ಸಿಕ್ಕಿದ್ದು.