ದ್ರಾಕ್ಷಿ ಬಳ್ಳಿ ಸೊಂಪಾಗಿದೆ, ಗೊಂಚಲಿಲ್ಲ

ಪ್ರಶ್ನೆ: ವಿಜಯಪುರದ ನಮ್ಮ ಹಿತ್ತಲಿನ ಚಪ್ಪರಕ್ಕೆ ಹಬ್ಬಿಸಿದ 6 ಥಾಮ್ಸನ್ ಸೀಡ್‌ಲೆಸ್ ಬಳ್ಳಿಗಳಿಗೆ ಮೂರು ವರ್ಷ ತುಂಬಿದರೂ ಒಂದು ಗೊಂಚಲೂ ಬಿಟ್ಟಿಲ್ಲ. ಅಕ್ಟೋಬರಿನಲ್ಲಿ ಮಾತ್ರ ಚಾಟನಿ (ಕಡ್ಡಿಗಳನ್ನು ಕತ್ತರಿಸುವ ಕೆಲಸ) ಮಾಡುತ್ತೇನೆ. ತಪ್ಪೆಲ್ಲಿದೆ?

ಉತ್ತರ 1: ಏಪ್ರಿಲ್ ಚಾಟನಿ ಬಿಟ್ಟದ್ದೇ ಕಾರಣವಿರಬೇಕು. ಆಗ ಒಂದೆರಡು ಕಣ್ಣು (ಕಡ್ಡಿಯ ಮೇಲಿನ ಚಿಗುರುಮೊಗ್ಗು) ಉಳಿಸಿ ಕತ್ತರಿಸಿದರೆ ಹೊಸ ಕಡ್ಡಿ ಚಿಗುರುತ್ತದೆ. ಅದರ ಕಣ್ಣುಗಳೊಳಗೆ ಬೇಸಿಗೆಯ ಬಿಸಿಲಿನಲ್ಲಿಯೇ ರೂಪುಗೊಳ್ಳುವ ಹೂಗೊಂಚಲಿನ ಮೊಳಕೆ, ಅಕ್ಟೋಬರಿನ ಚಾಟನಿಯ ನಂತರ ಹೊರಬರುತ್ತದೆ. ಥಾಮ್ಸನ್ ತಳಿಯಲ್ಲಿ ಕಡ್ಡಿಯ ಬುಡದ ಕಣ್ಣುಗಳು ಹೆಚ್ಚಾಗಿ ಫಲ ಕೊಡುವುದಿಲ್ಲವಾದ್ದರಿಂದ, ಅಕ್ಟೋಬರಿನಲ್ಲಿ ತೀರಾ ಗಿಡ್ಡವಾಗಿ ಕತ್ತರಿಸಬೇಡಿ.

ಉತ್ತರ 2: ನೆರಳನ್ನೂ ಗಮನಿಸಿ. ನೆಲದ ಮೇಲೆ ಬಿಸಿಲಿನ ಚುಕ್ಕೆಗಳು ಕಾಣುವಷ್ಟು ಕಡ್ಡಿಗಳನ್ನು ತೆಗೆದ ಮೇಲೆಯೇ ನಮ್ಮ ಚಪ್ಪರದಲ್ಲಿ ಗೊಂಚಲು ಮೂಡಿತು.

ಪ್ರಶ್ನೆ ಕೇಳಿದವರು: ನಮ್ಮ ಚಪ್ಪರದಡಿ ನಡುಮಧ್ಯಾಹ್ನವೂ ಮಬ್ಬುಗತ್ತಲೆ, ಅದನ್ನೇ ತಂಪೆಂದು ಹೆಮ್ಮೆಪಡುತ್ತಿದ್ದೆ. ಬರುವ ಏಪ್ರಿಲಿನಲ್ಲಿ ಕತ್ತರಿ ಹಿಡಿಯುತ್ತೇನೆ.